ಕಿಟಕಿಯಲ್ಲಿಟ್ಟ ಪಾಠ

ಹನೂರಿನಾಚೆಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ಹೆರಿಗೆ ಕೋಣೆಯ ಪಕ್ಕದ ಕಿಟಕಿಯಲ್ಲಿ ಮಾತ್ರ. ನರ್ಸುಗಳೆಲ್ಲ ಮೊಬೈಲಿನಲ್ಲೇ ತರಬೇತಿ ಪಡೆಯಬೇಕೆಂದು ಆದೇಶ ಬಂದಾಗ ನಾನು ಸಿಡುಕಿದೆ. ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದವಳಿಗೆ ಫೋನು ಪಾಠ ಹೇಳುವುದೇ? ವಿಡಿಯೊ ಹಾಕಿ, ಫೋನನ್ನು ಕಿಟಕಿಯಲ್ಲಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ವಿಡಿಯೊ ಕೊನೆ ಮುಟ್ಟಿದರೆ ಪಾಠ ಮುಗಿದಂತೆ.

ನಮ್ಮ ಆಯಾ ದಿನವೂ ಆ ಕಿಟಕಿಯ ಬಳಿ ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದಳು. ನನಗೆ ಅನುಮಾನ ಹತ್ತಿತು. ನನ್ನ ಮಗಳ ಮದುವೆ ಮಾತುಕತೆಯ ಮೆಸೇಜುಗಳೆಲ್ಲ ಆ ಫೋನಿನಲ್ಲಿದ್ದವು. ಇವಳು ಓದಿಕೊಂಡು ಅಜ್ಜೀಪುರದ ತನಕ ಡಂಗುರ ಸಾರಿಬಿಟ್ಟರೆ? ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಫೋನನ್ನು ಮುಟ್ಟಲಿಲ್ಲ, ಪೊರಕೆ ಹಿಡಿದು ಸುಮ್ಮನೆ ನಿಂತಿದ್ದಳು. ಅನುಮಾನ ಇನ್ನೂ ಬಲಿಯಿತು.

ಒಂದು ಬೆಳಿಗ್ಗೆ ಹುಟ್ಟಿದ ಮಗು ಅಳಲಿಲ್ಲ. ಹಳೆಯ ಅಭ್ಯಾಸದಂತೆ ಅದನ್ನು ತಲೆಕೆಳಗಾಗಿ ಹಿಡಿದು ಬಡಿಯಲು ಕೈಯೆತ್ತಿದೆ.

“ಒಡೀಬ್ಯಾಡಿ ಸಿಸ್ಟರೆ,” ಬಟ್ಟೆ ಹಿಡಿದು ನಿಂತಿದ್ದ ಆಯಾ ಅಂದಳು. “ಮಲಗ್ಸಿ ಒರ್ಸಿ, ಬೆನ್ನು ಉಜ್ಜಿ. ನಿಮ್ಮ ಪೋನು ದಿನಾ ಅದ್ನೇ ಏಳ್ತದಲ್ಲ!”

ಉಜ್ಜಿದೆ. ಮಗು ಚೀರಿತು.

ತರಬೇತಿಯ ಸರ್ಟಿಫಿಕೇಟು ನನ್ನ ಹೆಸರಿನಲ್ಲಿ ಗೋಡೆಯ ಮೇಲಿದೆ. ಅದರ ಗಾಜಿನ ದೂಳು ಒರೆಸುವವಳು ಅವಳೇ. ಈಗ ಯಾವ ನರ್ಸಿನ ಸರ್ಟಿಫಿಕೇಟು ಕಂಡರೂ ನನಗೆ ಅನುಮಾನ. ಅಲ್ಲಿ ಕಸ ಗುಡಿಸುವವರು ಯಾರು ಎಂದು ಮೊದಲು ಕೇಳುತ್ತೇನೆ.