ಗನಿಸಾಬ ಹೇಳದ ಊರು

ಪಿಂಜಾರ ಅಬ್ದುಲಗನಿಯ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಹೆಗಲ ಮೇಲೆ ಬಿಲ್ಲು ಹೊತ್ತು, ಲಕ್ಷ್ಮೇಶ್ವರದಿಂದ ಮುಂಡರಗಿಯವರೆಗೆ ಊರೂರು ತಿರುಗಿ ಗಾದಿಯ ಹತ್ತಿ ಹಿಂಜುತ್ತಿದ್ದ. ಒಂದು ಪಡಸಾಲೆಯಲ್ಲಿ ಕೇಳಿದ ಸುದ್ದಿಯನ್ನು ಮುಂದಿನ ಪಡಸಾಲೆಗೆ ಮುಟ್ಟಿಸದಿದ್ದರೆ ಅವನಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ಇಂಥವನು ಒಂದೇ ಒಂದು ಮಾತನ್ನು ನಾಲ್ಕು ವರ್ಷ ನುಂಗಿಕೊಂಡು ಕೂತ. ಅದಕ್ಕಾಗಿ ಅವನನ್ನು ಸುಳ್ಳ ಎಂದು ಕರೆದ ಜಾಣ ಮಾಸ್ತರ ನಾನೇ.

ಹಕ್ಕಿಯ ಹುಚ್ಚು ಹಿಡಿದವರು ನಾವು ಮೂವರಿದ್ದೆವು: ನಾನು, ಗನಿಸಾಬ, ಟಪಾಲು ಹಂಚುವ ಮೈಲಾರಪ್ಪ. ಯುದ್ಧದಿಂದ ಮರಳಿದ ನನ್ನ ಅಣ್ಣ ಒಂದು ದುರ್ಬೀನು ತಂದುಕೊಟ್ಟಿದ್ದ. ಚಳಿಗಾಲ ಬಂತೆಂದರೆ ಮೂವರೂ ಮಾಗಡಿ ಕೆರೆಯ ಒಡ್ಡಿನ ಮೇಲೆ. ಮೊದಲು ಶಿರಹಟ್ಟಿ ಸಾಂಗಲಿ ಸಂಸ್ಥಾನದವರದು, ಲಕ್ಷ್ಮೇಶ್ವರ ಮಿರಜಿನವರದು, ಗದಗ ಇಂಗ್ರಜರದು. ಆಮೇಲೆ ಎಲ್ಲವೂ ಮುಂಬಯಿಗೆ ಸೇರಿ, ಕೊನೆಗೆ ಮೈಸೂರಿಗೆ ಬಂದವು. ಚಳಿಗಾಲಕ್ಕೆ ವಲಸೆ ಬರುವ ಹೆಬ್ಬಾತುಗಳು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಅದೇ ಕೆರೆಗೆ ಬಂದು ಇಳಿಯುತ್ತಿದ್ದವು.

ಕಂಡ ಹಕ್ಕಿಗಳನ್ನು ಬರೆಯಲು ನನ್ನ ಹತ್ತಿರ ಒಂದು ವಹಿ ಇತ್ತು. ಸಂತೆಯ ದಿನ ಚಹಾದಂಗಡಿಯ ಬಾಕಿನ ಮೇಲೆ ಅದು ತೆರೆಯುತ್ತಿತ್ತು. ಹಕ್ಕಿಯ ಹೆಸರು ಹೇಳಬೇಕು, ಜಾಗ ಹೇಳಬೇಕು, ಉಳಿದಿಬ್ಬರು ಹೋಗಿ ನೋಡಿ ಬರಬೇಕು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ, ಅದನ್ನೇ ನಾನು ಕಾಯಿದೆ ಮಾಡಿದ್ದೆ. ಮಾಸ್ತರಿಕೆಯ ಚಟ, ಏನು ಮಾಡುವುದು.

ಏಕೀಕರಣವಾದ ವರ್ಷದ ಚಳಿಗಾಲ. ಗನಿಸಾಬ ಬಂದವನೇ ಬಾಕಿನ ಮೇಲೆ ಕೂತ.

"ಬಿಳೇ ಮಾರಿ ಗೂಗಿ ನೋಡೇನ್ರಿ ಮಾಸ್ತರ. ಎರಡು ಮರಿ ಅದಾವ."

ಆ ಬಿಳಿ ಮುಖದ ಗೂಗೆಗಾಗಿ ನಾನು ಹತ್ತು ವರ್ಷದಿಂದ ಪಾಳು ಗುಡಿ, ಹಾಳು ಬಾವಿ ಒಂದನ್ನೂ ಬಿಟ್ಟಿರಲಿಲ್ಲ.

"ಎಲ್ಲಿ?" ಎಂದೆ.

ಗನಿಸಾಬ ಬಾಯಿ ತೆರೆದ, ಮುಚ್ಚಿದ. "ಅದೊಂದು ಕೇಳಬ್ಯಾಡ್ರಿ."

"ಜಾಗಾ ಇಲ್ಲಂದ್ರ ಅದು ಗೂಗಿ ಅಲ್ಲಪಾ, ನಿನ್ನ ಕನಸು."

ನಾನು ವಹಿಯಲ್ಲಿ ಗೂಗೆಯ ಹೆಸರು ಬರೆದು, ಅವನ ಕಣ್ಣೆದುರಿಗೇ ಅಡ್ಡಗೆರೆ ಎಳೆದು, "ಸುಳ್ಳ" ಎಂದೆ. ಹೊಟ್ಟೆಕಿಚ್ಚಿನಿಂದ ಅಂದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮೈಲಾರಪ್ಪ ಸುಳ್ಳ ಎಂಬ ಆ ಹೆಸರನ್ನು ಟಪಾಲಿನ ಜೊತೆಗೆ ಊರೂರಿಗೆ ಮುಟ್ಟಿಸಿದ. "ಹತ್ತಿ ಖರೇನ ಹಿಂಜೀಯೋ, ಅದೂ ಸುಳ್ಳೋ?" ಎಂದು ಹೆಣ್ಣುಮಕ್ಕಳು ಚೇಷ್ಟೆ ಮಾಡುತ್ತಿದ್ದರು. ಗನಿಸಾಬ ನಗುತ್ತಿದ್ದ. ಸಂತೆಯ ದಿನ ತಪ್ಪದೆ ಬರುತ್ತಿದ್ದ, ಆದರೆ ಬಾಕಿನ ತುದಿಯಲ್ಲಿ ಕೂತು ನಮ್ಮ ಮಾತು ಕೇಳಿ ಎದ್ದು ಹೋಗುತ್ತಿದ್ದ. ತಾನು ಕಂಡ ಹಕ್ಕಿಯ ಮಾತನ್ನು ನಮ್ಮ ಮುಂದೆ ಎತ್ತುವುದನ್ನೇ ಬಿಟ್ಟ.

ನಾಲ್ಕು ವರ್ಷದ ಮೇಲೆ ಖಾನೇಷುಮಾರಿ ಬಂತು. ಮನೆಮನೆಗೆ ಹೋಗಿ ತಲೆ ಎಣಿಸುವ ಕೆಲಸ ಮಾಸ್ತರರಿಗೇ ತಾನೆ. ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಗೆ ನನ್ನನ್ನು ಹಾಕಿದರು. ಯಾವ ಹಳ್ಳಿ ಎಂದು ಕೇಳಬೇಡಿ. ಅಲ್ಲಿ ಒಬ್ಬ ಮುದುಕಿಯ ಮನೆಗೆ ಹೋದೆ; ಅವಳನ್ನು ಹುಚ್ಚವ್ವ ಎಂದು ಕರೆಯೋಣ, ಅದೂ ಅವಳ ಹೆಸರಲ್ಲ. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಣ್ಣಿನ ಮಾಳಿಗೆಯ ಮನೆ.

"ಮನ್ಯಾಗ ಎಷ್ಟು ಮಂದಿ ಇರ್ತೀರಿ ಯವ್ವಾ?"

"ನಾ ಒಬ್ಬಾಕಿರಿ."

ಅಷ್ಟರಲ್ಲಿ ಅಟ್ಟದ ಮೇಲೆ ಬುಸ್ ಎಂದಿತು. ನಾನು ಎದ್ದು ನಿಂತೆ.

"ಹಾವಲ್ರಿ, ಹೆದರಬ್ಯಾಡ್ರಿ," ಎಂದು ಬಾಯಿತಪ್ಪಿ ಹೇಳಿ, ಆಕೆ ಸೆರಗು ಬಾಯಿಗಿಟ್ಟುಕೊಂಡಳು.

ನಾನು ಏಣಿ ಹತ್ತಿದೆ. ಬೆಳಕಿಂಡಿಯ ಪಕ್ಕದಲ್ಲಿ, ಹರಕು ಗೋಣಿಚೀಲದ ಮೇಲೆ ಮೂರು ಮರಿಗಳು. ಮೂರಕ್ಕೂ ಬಿಳಿ ಮುಖ. ನನ್ನನ್ನು ನೋಡುತ್ತ ಆ ಕಡೆ ಈ ಕಡೆ ಓಲಾಡುತ್ತ ಬುಸುಗುಟ್ಟಿದವು. ಸಂತೋಷಕ್ಕೆ ಏಣಿಯಿಂದ ಬೀಳುವುದೊಂದು ಬಾಕಿ.

ಕೆಳಗಿಳಿದಾಗ ಹುಚ್ಚವ್ವ ನನ್ನ ಕಾಗದಗಳ ಮೇಲೆ ಕೈಯಿಟ್ಟು ಕೂತಿದ್ದಳು. "ಕಾಗದದಾಗ ಬರೀಬ್ಯಾಡ್ರಿ ಮಾಸ್ತರ. ಗೂಗಿ ಹೊಕ್ಕ ಮನಿಗೆ ಮೂರು ತಿಂಗಳು ಕೀಲಿ ಹಾಕಬೇಕಂತಾರ. ಕೀಲಿ ನಮ್ಮ ಮೈದುನನ ಕೈಗೆ ಹೋದ್ರ ಮನಿ ನನಗ ತಿರುಗಿ ಬರೂದಿಲ್ಲ. ಇವಕ್ಕ ಹೊಗಿ ಹಾಕಿ, ಕಲ್ಲು ಒಗದು ಕೊಲ್ತಾರ. ಇವು ಬಂದಾಗಿಂದ ನನ್ನ ಜ್ವಾಳದಾಗ ಒಂದು ಇಲಿ ಇಲ್ರಿ."

"ಮತ್ಯಾರಿಗೆ ಗೊತ್ತೈತಿ?"

"ಪಿಂಜಾರ ಗನಿಸಾಬಗ. ನಾಕು ವರ್ಷದ ಹಿಂದ ಇಲ್ಲೇ ಕುಂತು ಗಾದಿ ಹಿಂಜುವಾಗ ಬಿಲ್ಲಿನ ಸಪ್ಪಳಕ್ಕ ಮ್ಯಾಲಿಂದ ಉತ್ತರ ಕೊಟ್ವು. ಊರ ಹೆಸರು, ಮನಿ ಹೆಸರು ಯಾರ ಮುಂದೂ ತಗಿಯಂಗಿಲ್ಲ ಅಂತ ಭಾಷಿ ಕೊಟ್ಟ. ಆ ಬಾಯಿಬಡಕ ಎಲ್ಲಿ ಉಳಿಸ್ಕೋತಾನ ಅಂತ ಆರು ತಿಂಗಳು ನನಗ ನಿದ್ದಿ ಇಲ್ಲ. ಉಳಿಸ್ಕೊಂಡ ನೋಡ್ರಿ."

ನಾನು "ಒಬ್ಬರು" ಎಂದು ಬರೆದು ಹೊರಬಿದ್ದೆ.

ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ. ಅಂದು ಅವನು ಜಾಗ ಹೇಳಿದ್ದರೆ ಮರುದಿನವೇ ಮೈಲಾರಪ್ಪನೂ ನಾನೂ ದುರ್ಬೀನು ಕೊರಳಿಗೆ ಹಾಕಿಕೊಂಡು ಆ ಬಾಗಿಲಿಗೆ ಹೋಗುತ್ತಿದ್ದೆವು. ಏನ್ರಿ, ಏನೈತ್ರಿ ಎನ್ನುತ್ತ ಊರೆಲ್ಲ ಹಿಂದೆ ಬರುತ್ತಿತ್ತು. ಹಕ್ಕಿಯನ್ನು ಪ್ರೀತಿಸುತ್ತೇವೆ ಎಂದುಕೊಂಡ ನಮಗೆ, ನಾವು ಹೋದ ಮೇಲೆ ಅದರ ಗತಿ ಏನು ಎಂಬ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ಅಕ್ಷರ ಬಾರದ ಪಿಂಜಾರನಿಗೆ ಬಂದಿತ್ತು. ಖುಷಿ ತಡೆಯಲಾರದೆ ಅರ್ಧ ಮಾತು ನಮ್ಮ ಮುಂದೆ ಜಾರಿತು, ಉಳಿದರ್ಧವನ್ನು ಹಲ್ಲುಕಚ್ಚಿ ಹಿಡಿದ.

ಮುಂದಿನ ಸಂತೆಯ ದಿನ ಬಾಕಿನ ಮೇಲೆ ಕೂತವನೇ ಹೇಳಿದೆ: "ಗನಿಸಾಬ ಅಂದು ಹೇಳಿದ್ದು ಖರೆ. ಆ ಗೂಗಿ ನಾನೂ ನೋಡೇನಿ. ನಂದು ತಪ್ಪಾತಪಾ, ಗನಿಸಾಬ."

ಗನಿಸಾಬನ ಕೈಯಲ್ಲಿದ್ದ ಚಹಾದ ಬಸಿ ಬಾಯಿಯ ಹತ್ತಿರವೇ ನಿಂತಿತು. ಅವನ ಮುಖದಲ್ಲಿ ಸಂತೋಷವಿರಲಿಲ್ಲ, ಭಯವಿತ್ತು.

"ಎಲ್ಲಿ ನೋಡಿದ್ರಿ?" ಮೈಲಾರಪ್ಪ ಕೇಳಿದ.

"ಹೇಳಂಗಿಲ್ಲ."

ಮೈಲಾರಪ್ಪ ನಮ್ಮಿಬ್ಬರನ್ನೂ ನೋಡಿದ. "ಆತು ಬಿಡ್ರಿ. ಇಷ್ಟು ದಿನ ಸುಳ್ಳ ಒಬ್ಬನ ಇದ್ದ, ಈಗ ಇಬ್ಬರಾದ್ರಿ."

ಗನಿಸಾಬ ನಕ್ಕ ನಗೆಗೆ ಚಹಾ ಅಂಗಿಯ ಮೇಲೆ ಚೆಲ್ಲಿತು. ತುದಿಯಿಂದ ಸರಿದು ಬಂದು ನನ್ನ ಮೊಣಕಾಲು ಹಿಡಿದುಕೊಂಡ. "ಆ ಮರಿ ಓಲಾಡ್ತಾವಲ್ರಿ ಮಾಸ್ತರ, ನೋಡಿದ್ರಿ? ತಾಯಿ ಇಲಿ ತಂದ್ರ ಹೆಂಗ ಮುಗಿಬೀಳ್ತಾವ, ನೋಡಿದ್ರಿ?" ಎಂದು ಸುರು ಮಾಡಿದ. ನಾಲ್ಕು ವರ್ಷ ಕಟ್ಟಿಟ್ಟ ಮಾತು ಅದು. ಸಂತೆ ಎದ್ದು ಹೋದರೂ ಮುಗಿಯಲಿಲ್ಲ.