ನಿನ್ನೆ ಓದಿದ ಸುದ್ದಿ ಸುಳ್ಳಾಗಿತ್ತು

ಹೋದ ವಾರ ಹಲ್ಲಿನ ಡಾಕ್ಟರು ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ನನ್ನ ದವಡೆಗೆ ಒತ್ತಿ, ಅರ್ಧ ಗಂಟೆ ಬಾಯಿ ಬಿಡಬೇಡಿ ಎಂದರು. ದವಾಖಾನೆಯ ಬೆಂಚಿನ ಮೇಲೆ ಕೂತಿದ್ದಂತೆ ಆ ಖಾರದ ವಾಸನೆ ಮೂಗಿಗೇರಿತು. ಅದರ ಹಿಂದೆಯೇ ಸಿಟ್ಟೂ ಏರಿತು. ಪಕ್ಕದಲ್ಲಿದ್ದವರು ನನಗೆ ನೋವು ಹೆಚ್ಚಾಗಿದೆ ಎಂದುಕೊಂಡಿರಬೇಕು. ನನಗೆ ನೆನಪಾದದ್ದು ಆಪಾ. ವಾರ್ತೆ ಓದುವ ಮೊದಲು ಅವರು ಕೆನ್ನೆಯೊಳಗೆ ಒಂದು ಲವಂಗ ಇಟ್ಟುಕೊಂಡು ಕೂರುತ್ತಿದ್ದರು. ಕೆಂಪು ದೀಪ ಹತ್ತುವಷ್ಟರಲ್ಲಿ ತೆಗೆದುಬಿಡುತ್ತಿದ್ದರು. ಆ ಸಣ್ಣ ಸ್ಟುಡಿಯೊದ ತುಂಬ ಅದೇ ವಾಸನೆ...

ಬೀದರಿನಲ್ಲಿ ಆಗ ಒಂದು ಚಿಕ್ಕ ರೇಡಿಯೊ ನಿಲಯವಿತ್ತು. ಈಗಿಲ್ಲ. ಸಂಜೆ ಏಳಕ್ಕೆ ಹತ್ತು ನಿಮಿಷ ಜಿಲ್ಲೆಯ ವಾರ್ತೆ ಬರುತ್ತಿತ್ತು. ಅದನ್ನು ಓದುತ್ತಿದ್ದವರು ಆಪಾ; ಆಪಾ ಎಂದರೆ ಅಕ್ಕ, ನಿಲಯದಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಅವರ ಊರು ಭಾಲ್ಕಿ. ಮನೆಯ ಮಾತು ದಖನಿ, ಓದಿದ್ದು ಉರ್ದು ಶಾಲೆಯಲ್ಲಿ. ನಿಲಯಕ್ಕೆ ಬಂದದ್ದೂ ಉರ್ದು ಕಾರ್ಯಕ್ರಮಕ್ಕೇ. ಒಂದು ಸಂಜೆ ಕನ್ನಡ ವಾರ್ತೆ ಓದುವವರು ಬರಲಿಲ್ಲವೆಂದು ಇವರನ್ನು ಕೂರಿಸಿದರಂತೆ. ಇವರೇ ಓದಲಿ ಎಂದು ಔರಾದ್ ಕಡೆಯ ಹಳ್ಳಿಗಳಿಂದ ಕಾಗದ ಬಂದವಂತೆ. ಅಲ್ಲಿಂದ ಹದಿನಾಲ್ಕು ವರ್ಷ ಓದಿದರು. ಭಾಲ್ಕಿಯಿಂದ ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋದರು. ಕಾಯಂ ಮಾತ್ರ ಆಗಲಿಲ್ಲ. ಪರೀಕ್ಷೆ ಮಾಡಲು ಹೊರಗಿನಿಂದ ಬಂದವರು ಪ್ರತಿ ಸಲವೂ, ಕನ್ನಡ ಚೆನ್ನಾಗಿದೆ, ಆದರೆ ಉಚ್ಚಾರದಲ್ಲಿ ಆ ಕಡೆಯ ಛಾಯೆ ಇದೆ ಎಂದು ಬರೆದು ಹೋಗುತ್ತಿದ್ದರು. ಯಾವ ಕಡೆಯದು? ಕೇಳುವ ಜಿಲ್ಲೆಯೆಲ್ಲ ಆ ಕಡೆಯದೇ ಅಲ್ಲವೇ?

ನಾನು ಔರಾದ್ ತಾಲ್ಲೂಕಿನ ಎಕಂಬಾದವಳು, ಅರ್ಧ ಮರಾಠಿಯಲ್ಲಿ ಬೆಳೆದವಳು. ನಿಲಯಕ್ಕೆ ವಾರ್ತೆ ಬರೆದುಕೊಡಲು ಸೇರಿದಾಗ ನನ್ನ ವಾಕ್ಯಗಳು ತಹಶೀಲ್ದಾರರಿಗೆ ಕೊಡುವ ಅರ್ಜಿಯ ಹಾಗಿದ್ದವು. ಆಪಾ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ತಿದ್ದಿದರು.

"ತಂಗೀ, ಕೇಳಾಕಿ ರೊಟ್ಟಿ ಬಡ್ಕೋತ ಕೇಳ್ತಿರ್ತಾಳ. ಒಂದ್ಸಲಕ್ಕ ತಿಳೀಬೇಕು ಅಕಿಗಿ. ಮತ್ತೊಮ್ಮಿ ಹೇಳ್ರಿ ಅಂತ ಅಕಿಗಿ ಕೇಳ್ಲಾಕ ಬರ್ತದೇನ್ರಿ?"

ನನಗೆ ಕನ್ನಡ ಬರೆಯಲು ಕಲಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನಾನು ಅವರನ್ನೇ ಹೇಳಬೇಕು.

ಆ ದಿನ ಮಧ್ಯಾಹ್ನ ಬೀದರಿನ ಅಂಚಿನ ಕೊಳಾರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿಯಿತು. ಹೊಗೆ ನಮ್ಮ ಮಾಳಿಗೆಯಿಂದಲೂ ಕಾಣುತ್ತಿತ್ತು. ಐದರ ಸುಮಾರಿಗೆ ನಮ್ಮ ವರದಿಗಾರ ದವಾಖಾನೆಯಿಂದ ಫೋನ್ ಮಾಡಿ, ಇಬ್ಬರು ತೀರಿಕೊಂಡಿದ್ದಾರೆ, ಇನ್ನೂ ಕೆಲವರು ಮೈಯೆಲ್ಲ ಸುಟ್ಟು ಮಲಗಿದ್ದಾರೆ ಎಂದ. ಬರೆದುಕೊಂಡ ಚೀಟಿಯನ್ನು ವಾರ್ತಾ ಅಧಿಕಾರಿಯ ಕೋಣೆಗೆ ಒಯ್ದೆ. ಅವರು ಆಗತಾನೇ ಇನ್ನಾರದೋ ಫೋನ್ ಇಟ್ಟಿದ್ದರು. ನನ್ನ ಚೀಟಿ ಓದಿ, ಮಡಿಚಿ, ಜೇಬಿಗೆ ಹಾಕಿಕೊಂಡರು.

"ಅಧಿಕೃತವಾಗಿ ಯಾರೂ ಸತ್ತಿಲ್ಲ. ಬರೆದುಕೊಳ್ಳಿ. ಸಣ್ಣ ಅವಘಡ. ಪ್ರಾಣಹಾನಿ ಇಲ್ಲ. ಯಾರಿಗೂ ಗಂಭೀರ ಗಾಯವಾಗಿಲ್ಲ."

ಬರೆದೆ. ಮಗಳು ಚಿಕ್ಕವಳಿದ್ದಳು, ಗಂಡ ಬಿಟ್ಟುಹೋಗಿದ್ದ, ಕೆಲಸ ಬೇಕಿತ್ತು. ಈ ಕಾರಣಗಳನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡಷ್ಟೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಆಪಾ ಸ್ಟುಡಿಯೊದ ಬಾಗಿಲಲ್ಲಿ ನಿಂತು ಹಾಳೆ ಓದಿದರು. ಆ ಒಂದು ಸುದ್ದಿಯ ಮೇಲೆ ಬೆರಳಿಟ್ಟರು.

"ಇದು ಪಕ್ಕಾ ಅದ ಏನ್ರಿ, ತಂಗೀ?"

"ಪಕ್ಕಾ ಅದ್ರಿ, ಆಪಾ."

ಹಾಳೆ ಹಿಡಿದು ಒಳಗೆ ಹೋದರು. ಎಂದಿನಂತೆ, ಎಲ್ಲೂ ತಡವರಿಸದೆ ಓದಿದರು.

ಮಾರನೆಯ ಮಧ್ಯಾಹ್ನ ಭಾತಂಬ್ರಾದ ಒಬ್ಬ ಹೆಂಗಸು ಮೈದುನನ ಜೊತೆ ನಿಲಯಕ್ಕೆ ಬಂದಳು. ಅವಳ ಗಂಡ ಆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬೆಳಗಿನ ಜಾವ ಸತ್ತಿದ್ದ. ಹೆಣ ಇನ್ನೂ ದವಾಖಾನೆಯವರ ವಶದಲ್ಲಿತ್ತು. ಅಲ್ಲಿಂದ ನಡೆದುಕೊಂಡೇ ಬಂದಿದ್ದಳು. ವಾರ್ತೆ ಓದುವವರು ಯಾರು ಎಂದು ಕೇಳಿ, ಆಪಾ ಎದುರಿಗೆ ಬಂದಾಗ ಅಳದೆ ಹೇಳಿದಳು:

"ಜೀಪ್ ಮಾಡಿದ್ದೆವ್ರಿ ನಿನ್ನಿ ಸಂಜಿಗಿ. ಹೊಂಟು ನಿಂತಿದ್ದೆವು. ನಿಮ್ಮ ವಾರ್ತಾ ಬಂತು. ರೇಡಿಯೋದ ಅಕ್ಕ ಹೇಳ್ಯಾಳ, ಯಾರಿಗೂ ಏನೂ ಆಗಿಲ್ಲ, ಮುಂಜಾನಿ ಹೋಗರಿ ಅಂದ್ಳು ನಮ್ಮತ್ತಿ. ಅವ್ರು ಬೆಳಗಾಗೋತನ ಜೀವಂತ ಇದ್ರಂತ್ರಿ. ನನಗ ಕರದ್ರಂತ. ನೀವು ಹೇಳೀರಂತ ನಾವು ಮನ್ಯಾಗ ಕುಂತೇವ್ರಿ."

ಸತ್ತವರು ಒಟ್ಟು ಎಷ್ಟು ಜನ ಎಂದು ಆಪಾ ಕೇಳಿದರು, ಮೂವರು ಎಂದ ಮೈದುನ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬರೆದವಳು ನಾನೆಂದು ಬಾಯಿ ಬಿಡಲಿಲ್ಲ.

ಅಂದು ಸಂಜೆಯ ಹಾಳೆಯಲ್ಲಿ ಕೊಳಾರದ ಹೆಸರೇ ಇರಲಿಲ್ಲ. ಆಪಾ ಕೊನೆಯ ಸುದ್ದಿಯವರೆಗೂ ಓದಿ, ಹಾಳೆಯನ್ನು ಮಗುಚಿಟ್ಟು, ಅದೇ ದನಿಯಲ್ಲಿ ಮುಂದುವರಿಸಿದರು: "ನಿನ್ನೆ ಇದೇ ಹೊತ್ತಿಗೆ ನಾನು ಓದಿದ ಸುದ್ದಿ ಸುಳ್ಳಾಗಿತ್ತು. ಕೊಳಾರದ ಕಾರ್ಖಾನೆಯಲ್ಲಿ ಮೂವರು ತೀರಿಕೊಂಡಿದ್ದಾರೆ. ನನ್ನ ಮಾತು ನಂಬಿದ್ದರಿಂದ ಒಂದು ಮನೆಯವರಿಗೆ ತಮ್ಮವರನ್ನು ಜೀವಂತ ನೋಡುವುದು ತಪ್ಪಿತು. ಅವರಲ್ಲಿ ನಾನು ಕ್ಷಮೆ ಕೇಳುತ್ತೇನೆ."

ಅಧಿಕಾರಿ ಕೂಗುತ್ತ ಓಡಿಬಂದರು. ನಮ್ಮ ಎಂಜಿನಿಯರ್, ಪ್ರಸಾರ ನಿಲ್ಲಿಸಲು ದಿನವೂ ಒತ್ತುವ ಗುಂಡಿ ಎಲ್ಲಿದೆ ಎಂದು ಹುಡುಕುವವನ ಹಾಗೆ, ಆಪಾರ ಮಾತು ಮುಗಿಯುವವರೆಗೂ ಮೇಜೆಲ್ಲ ತಡಕಾಡಿದ. ಆ ನಿಲಯದಲ್ಲಿ ಗಂಡಸು ಎನ್ನುವ ಹಾಗೆ ನಡೆದುಕೊಂಡವನು ಅವನೊಬ್ಬನೇ.

ಮರುದಿನ ಆಪಾರನ್ನು ಗೇಟಿನಲ್ಲೇ ನಿಲ್ಲಿಸಿದರು. ಒಂದು ಕಾಗದವನ್ನೂ ಕೊಡಲಿಲ್ಲ, ಕಾವಲುಗಾರನ ಬಾಯಲ್ಲಿ ಹೇಳಿಸಿದರು. ಬಜಾರಿನಲ್ಲಿ ಕೆಲವರು, ಅವರ ಜನಾನೇ ಹಂಗ, ಉಂಡ ಮನಿಗಿ ಎರಡು ಬಗೀತಾರ ಎಂದರು. ಸತ್ತ ಮೂವರು ಯಾವ ಜನ ಎಂದು ಆ ಬಾಯಿಗಳು ಕೇಳಲಿಲ್ಲ. ಮೂರನೆಯ ದಿನ ನನ್ನಿಂದ ಹೇಳಿಕೆ ಬರೆಸಿಕೊಂಡರು: ವಾರ್ತಾವಾಚಕಿ ಹಾಳೆಯಲ್ಲಿಲ್ಲದ ಮಾತುಗಳನ್ನು ತಾವಾಗಿ ಸೇರಿಸಿ ಓದಿದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಹಿ ಮಾಡಿದೆ. ಮುಂದಿನ ವರ್ಷ ನನ್ನ ಕೆಲಸ ಕಾಯಂ ಆಯಿತು.

ಭಾಲ್ಕಿಗೆ ಹೋಗಲು ನನಗೆ ಎಂಟು ತಿಂಗಳು ಬೇಕಾಯಿತು. ಆಪಾ ಅಂಗಳದಲ್ಲಿ ಓಣಿಯ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ಅವರನ್ನು ಕಳಿಸಿ, ನನಗೆ ಚಹಾ ಕೊಟ್ಟರು. ಸುಳ್ಳೆಂದು ಗೊತ್ತಿದ್ದೇ ಬರೆದೆ ಎಂದು ಹೇಳಿದೆ. ಬೈಯಲಿ ಎಂದು ಕಾದೆ.

"ಪಕ್ಕಾ ಅದ ಅಂದಾಗ ನೀವು ನೆಲ ನೋಡ್ಲಿಕ್ಕತ್ತಿದ್ರಿ. ನನಗ ಅವಾಗೇ ಗೊತ್ತಾತು," ಎಂದರು. "ಗೊತ್ತಾಗಿನೂ ಓದ್ದೆ. ನನಗೂ ನೌಕರಿ ಬೇಕಿತ್ತರಿ, ತಂಗೀ. ಮಾಫಿ ನಾ ನಂದು ಕೇಳೀನಿ. ನಿಮ್ದು ಕೇಳಿಲ್ಲ. ನಿಮ್ದು ನೀವ ಕೇಳ್ಬೇಕು."

ನಾನು ಕೇಳಲಿಲ್ಲ. ವರ್ಷಗಳು ಹೋದವು... ನಿಲಯ ಮುಚ್ಚಿತು. ಹಳೆಯ ಟೇಪುಗಳನ್ನೆಲ್ಲ ಗುಜರಿಯವನ ಗಾಡಿಗೆ ಹಾಕಿದರು. ಹದಿನಾಲ್ಕು ವರ್ಷ ಜಿಲ್ಲೆಯ ಮನೆಮನೆಯಲ್ಲಿ ಕೇಳಿದ ದನಿ ಒಂದು ನಿಮಿಷದಷ್ಟೂ ಉಳಿದಿಲ್ಲ. ಹೋದ ಚಳಿಗಾಲದಲ್ಲಿ ಆಪಾ ತೀರಿಕೊಂಡರು. ಯಾವ ಪತ್ರಿಕೆಯೂ ಒಂದು ಸಾಲು ಹಾಕಲಿಲ್ಲ.

ಸುದ್ದಿ ತಿಳಿದು ಹೋದೆ. ಒಳಮನೆಯಲ್ಲಿ ಕೂತ ಹೆಂಗಸರ ನಡುವೆ ಭಾತಂಬ್ರಾದವಳಿದ್ದಳು. ತಲೆ ನರೆತಿತ್ತು. ಆದರೂ ನೋಡಿದ ಕೂಡಲೇ ಗುರುತು ಸಿಕ್ಕಿತು. ವಾರ್ತೆಯಲ್ಲಿ ಕ್ಷಮೆ ಕೇಳಿದ ಮೇಲೆ ಆಪಾ ಅವಳ ಮನೆಗೇ ಹೋಗಿದ್ದರಂತೆ. ಅಂದಿನಿಂದ ಹೋಗಿ ಬಂದು ಇತ್ತಂತೆ.

"ನೀವು ಯಾರಾಗಬೇಕ್ರಿ ಅಕಿಗಿ?" ಎಂದು ನನ್ನನ್ನು ಕೇಳಿದಳು.

"ಜೋಡಿ ಕೆಲಸ ಮಾಡ್ತಿದ್ದೆ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಆ ಸುಳ್ಳ ಸುದ್ದಿ ಬರದಾಕಿ ನಾನ."

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು.

"ಇಷ್ಟ್ ವರ್ಷ ಎಲ್ಲಿದ್ದಿ?" ಎಂದಳು. ಮಾತಿನಲ್ಲಿದ್ದ ಮರ್ಯಾದೆಯ ‘ರಿ’ ಹೋಗಿತ್ತು. ಎದ್ದು ಹೋಗಿ ಆಚೆಯ ಗೋಡೆಯ ಹತ್ತಿರ ಕೂತಳು.

ಎಲ್ಲಿಗೂ ಹೋಗಿರಲಿಲ್ಲ. ಬೀದರಿನಲ್ಲೇ ಇದ್ದೆ. ಬೀದರಿನಿಂದ ಭಾಲ್ಕಿಗೆ ಒಂದು ಬಸ್ಸು, ಅಲ್ಲಿಂದ ಭಾತಂಬ್ರಾಕ್ಕೆ ಇನ್ನೊಂದು. ಇವತ್ತಿಗೂ ಅಷ್ಟೇ ದೂರ.