ಬೇವಿನ ನೀರಿನಲ್ಲಿ ಬಂದ ಅಚ್ಚು

ಸವದತ್ತಿಯ ಶಹನಾಯಿಯವನೊಬ್ಬ ತನ್ನ ಬಾಯಿಯ ಅಚ್ಚನ್ನು ತಾನೇ ಹೊತ್ತು ಬೈಲಹೊಂಗಲದ ನನ್ನ ಅಂಗಡಿಗೆ ಬಂದ. ಹಲ್ಲಿನ ಸೆಟ್ಟು ಮಾಡುವುದು ನನ್ನ ಕಸುಬು. ಸ್ಟೀಲ್ ಡಬ್ಬಿಯ ತುಂಬ ಬೇವಿನ ನೀರು, ಅದರೊಳಗೆ ಅಚ್ಚು ಮುಳುಗಿತ್ತು.

“ಅಚ್ಚು ತೆಗದ ಹಲ್ಲಿನ ಡಾಕ್ಟರ್ ಅಕ್ಕಾರು ಬೇವಿನ ನೀರು ಬರೇ ಸಿಂಪಡಿಸಿದ್ರರಿ. ಅಷ್ಟಕ್ಕ ಹುಳ ಸಾಯತಾವೇನ್ರಿ? ನಾ ದಾರಿ ತುಂಬ ನೆನಸಿ ತಂದೇನಿ.”

“ಹುಳ ಸತ್ತಾವು. ಅಚ್ಚೂ ಸತ್ತೈತಿ,” ಎಂದೆ.

ಅಚ್ಚು ತೆಗೆಯುವ ಆ ಮೆತ್ತನೆಯ ವಸ್ತು ನೀರು ಕುಡಿದರೆ ನೆನೆಸಿದ ಕಡಲೆಯಂತೆ ಉಬ್ಬುತ್ತದೆ. ಅದರ ಅಳತೆಗೆ ಮಾಡಿದ ಹಲ್ಲು ಬಾಯಿಯಲ್ಲಿ ನಿಲ್ಲುವುದಿಲ್ಲ.

“ಬೇವು ವಿಷ ಅಲ್ಲಲ್ರಿ ಅಜ್ಜಾರ. ಸೋಮವಾರ ಒಂದ ಮದುವ್ಯಾಗ ಊದೂದೈತಿ. ಮುಂದಿನ ಹಲ್ಲಿಲ್ಲದ್ದಕ್ಕ ಗಾಳಿ ಸೋರಾಕತ್ತೈತಿ. ಸುರ ತಪ್ಪಿದ್ರ ಮತ್ತ ನನ್ನ ಯಾರು ಕರೀತಾರ?”

“ಹೊಳ್ಳಿ ಹೋಗ್ರಿ. ಹೊಸಾದು ತೆಗಿಸ್ರಿ. ಒದ್ದಿ ಬಟ್ಟ್ಯಾಗ ಸುತ್ಕೊಂಡು ಬರ್ರಿ. ಡಬ್ಬಿ ಮನ್ಯಾಗ ಇಡ್ರಿ.”

ಗೊಣಗುತ್ತ ಹೋದ. ಮರುದಿನ ಹೇಳಿದ ಹಾಗೆಯೇ ತಂದ. ಬೇರೆ ಕೆಲಸ ಬದಿಗಿಟ್ಟು ಭಾನುವಾರ ಸೆಟ್ಟು ಕೊಟ್ಟೆ. ಸರಿಯಾಗಿ ಕೂತಿತು.

ಮದುವೆಗೆ ನನ್ನನ್ನೂ ಕರೆದಿದ್ದರು. ಹೊಸ ಹಲ್ಲಿಗೆ ಅವನ ನಾಲಿಗೆ ಇನ್ನೂ ಒಗ್ಗಿರಲಿಲ್ಲ; ಹಾಕಿಕೊಂಡು ಊದಿದರೆ ಸುರ ಇನ್ನಷ್ಟು ತಪ್ಪುತ್ತಿತ್ತು. ಸೆಟ್ಟು ಕಿಸೆಯಲ್ಲಿಟ್ಟುಕೊಂಡು ಊದಿದ. ಊಟಕ್ಕೆ ಕೂತಾಗ ಹಾಕಿಕೊಂಡ.